ಪ್ರೆಸ್ಬಿಟೇರಿಯನ್ ಅಂದರೆ ಯಾರು? ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಹಡಿ ಮನೆಗೆ ಮಿಜೋರಾಮಿನ ರಾಜಧಾನಿ ಐಜ್ವಾಲ್‌ನಿಂದ ಒಂದು ಕುಟುಂಬ ಬಾಡಿಗೆಗೆ ಬಂದು ಮೂರು ವರ್ಷವಾಯಿತು. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಬ್ಬ ಮಗ. ಬಂದ ಹೊಸದರಲ್ಲಿ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದಲೇ ಕೇಳಿದರು, "ಅವರು ಫಿಲೋಮಿನಾ ಚರ್ಚಿನವರಾ, ನಿಮ್ಮ ಕಡೆಯವರಾ?" ಫಿಲೋಮಿನಾದ ಕ್ಯಾಥೊಲಿಕ್ಕರೂ ಅಲ್ಲ, ನಮ್ಮವರೂ ಅಲ್ಲ, ಪ್ರೆಸ್ಬಿಟೇರಿಯನ್ ಅಂದೆ. "ಅಯ್ಯೋ, ಅದೇನ್ರೀ, ಮಾತ್ರೆ ಹೆಸರಿದ್ದ ಹಾಗಿದೆ!" ಅಂತ ನಕ್ಕರು.

ಅವತ್ತಿನಿಂದ ಕೇಳುವವರು ಜಾಸ್ತಿಯೇ ಆದರು. ನಮ್ಮ ಸಭೆಯ, ಅಂದರೆ ಚರ್ಚಿನ, ಹುಡುಗರೂ ಕೇಳಿದರು, ಮಂಡ್ಯದ ನೆಂಟರೂ ಕೇಳಿದರು. ನಾನು ಪಂಡಿತ ಏನಲ್ಲ. ಹುಟ್ಟಿದ್ದು ಮಂಡ್ಯದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ಆದದ್ದು) ಮನೆಯಲ್ಲಿ, ಮೈಸೂರಿನ ಸಭೆಯ ಕಮಿಟಿಯಲ್ಲಿ ಕೆಲವು ವರ್ಷ ಕೂತಿದ್ದೇನೆ, ಅಷ್ಟೇ. ಗೊತ್ತಿರುವಷ್ಟನ್ನು ಒಂದು ಕಡೆ ಬರೆದಿಟ್ಟರೆ ಮತ್ತೆ ಮತ್ತೆ ಹೇಳುವುದು ತಪ್ಪುತ್ತದೆ ಅಂತ ಕೂತೆ.

ಆ ಹೆಸರಿಗೆ ಅರ್ಥ ಏನು?

ಗ್ರೀಕ್ ಭಾಷೆಯಲ್ಲಿ 'ಪ್ರೆಸ್ಬುಟೆರೊಸ್' ಅಂದರೆ ಹಿರಿಯ. ಕನ್ನಡ ಸತ್ಯವೇದದಲ್ಲಿ (ಬೈಬಲ್ಲಿನಲ್ಲಿ) 'ಸಭೆಯ ಹಿರಿಯರು' ಅಂತ ಓದುತ್ತೇವಲ್ಲ, ಅದೇ. ಹಿರಿಯರು ಕೂತು ನಡೆಸುವ ಸಭೆ, ಆದ್ದರಿಂದ ಪ್ರೆಸ್ಬಿಟೇರಿಯನ್.

ಲೂಥರನ್ ಅನ್ನುವುದು ಒಬ್ಬ ಮನುಷ್ಯನ ಹೆಸರಿಂದ ಬಂತು. ಬ್ಯಾಪ್ಟಿಸ್ಟ್ ಅನ್ನುವುದು ಒಂದು ಸಂಸ್ಕಾರದಿಂದ ಬಂತು. ಇವರು ಆಡಳಿತದ ರೀತಿಯನ್ನೇ ಹೆಸರು ಮಾಡಿಕೊಂಡರು. ಕಮಿಟಿಯ ಹೆಸರನ್ನೇ ಧರ್ಮದ ಹೆಸರಾಗಿ ಇಟ್ಟುಕೊಂಡವರು ಅಂತ ನಾನು ತಮಾಷೆ ಮಾಡುವುದುಂಟು. ಆದರೆ ಇವರನ್ನು ಅರ್ಥ ಮಾಡಿಕೊಳ್ಳಲು ಬೀಗದ ಕೈ ಇರುವುದೂ ಅಲ್ಲೇ. ದೇವರ ವಿಷಯದಲ್ಲಿ ಇವರು ಹೇಳುವುದು ಬಹುಪಾಲು ಎಲ್ಲ ಕ್ರೈಸ್ತರೂ ಹೇಳುವುದೇ. ಸಭೆಯಲ್ಲಿ ಕೊನೆಯ ಮಾತು ಯಾರದು ಅಂತ ಕೇಳಿದಾಗ ಇವರ ಉತ್ತರ ಬೇರೆಯಾಗುತ್ತದೆ.

ಕ್ಯಾಥೊಲಿಕ್ಕರಾ, ಪ್ರಾಟೆಸ್ಟೆಂಟರಾ?

ಪ್ರಾಟೆಸ್ಟೆಂಟರು. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎಬ್ಬಿಸಿದ ಗಲಾಟೆ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಕವಲು ಸ್ವಿಟ್ಜರ್ಲೆಂಡಿನಲ್ಲಿ ಬೆಳೆಯಿತು. 1509ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಜಾನ್ ಕ್ಯಾಲ್ವಿನ್ ಓದಿದ್ದು ಕಾನೂನು, ನೆಲೆ ನಿಂತದ್ದು ಜಿನೀವಾದಲ್ಲಿ. 1564ರಲ್ಲಿ ಅಲ್ಲೇ ತೀರಿಕೊಂಡ. ಅವನ ಹತ್ತಿರ ಇದ್ದು ಕಲಿತ ಸ್ಕಾಟ್ಲೆಂಡಿನ ಜಾನ್ ನಾಕ್ಸ್ ಊರಿಗೆ ಮರಳಿದ. 1560ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಪೋಪನ ಅಧಿಕಾರ ತಳ್ಳಿಹಾಕಿ ಹೊಸ ವಿಶ್ವಾಸ ಪ್ರಮಾಣ (ಏನನ್ನು ನಂಬುತ್ತೇವೆ ಅನ್ನುವ ಬರಹ) ಒಪ್ಪಿಕೊಂಡಿತು.

ಅಲ್ಲಿಂದಾಚೆ ನೂರಿಪ್ಪತ್ತೈದು ವರ್ಷಕ್ಕೂ ಜಾಸ್ತಿ ರಾಜರಿಗೂ ಇವರಿಗೂ ಹಗ್ಗಜಗ್ಗಾಟ. ರಾಜನಿಗೆ ಬಿಷಪ್, ಅಂದರೆ ಹಲವು ಸಭೆಗಳ ಮೇಲೊಬ್ಬ ಅಧಿಕಾರಿ, ಬೇಕು, ಯಾಕೆಂದರೆ ಬಿಷಪ್ಪನ್ನು ಹಿಡಿದರೆ ಸಭೆಯೆಲ್ಲ ಕೈಗೆ ಸಿಕ್ಕ ಹಾಗೆ. ಹತ್ತು ಜನ ಹಿರಿಯರನ್ನು ಹಿಡಿಯುವುದು ಕಷ್ಟ. 1637ರಲ್ಲಿ ಒಂದನೇ ಚಾರ್ಲ್ಸ್ ದೊರೆ ತನ್ನ ಪ್ರಾರ್ಥನಾ ಪುಸ್ತಕವನ್ನು ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಓದಿಸಿದಾಗ ದೊಂಬಿಯೇ ಎದ್ದಿತು. ಜೆನ್ನಿ ಗೆಡೆಸ್ ಅನ್ನುವ ಸಂತೆ ವ್ಯಾಪಾರದ ಹೆಂಗಸು ಕೂತಿದ್ದ ಸ್ಟೂಲನ್ನೇ ಎತ್ತಿ ಓದುತ್ತಿದ್ದವನ ತಲೆಗೆ ಬೀಸಿದಳು ಅಂತ ಅಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. ನಮ್ಮ ಮಂಡ್ಯದ ಹೆಂಗಸರಿಗೆ ಈ ಕಥೆ ಹೇಳಿದರೆ ಅವಳು ನಮ್ಮೂರವಳೇ ಇರಬೇಕು ಅನ್ನುತ್ತಾರೆ.

ಸರಿ, ಇವರು ನಂಬುವುದು ಏನನ್ನು?

ತಂದೆ, ಮಗ, ಪವಿತ್ರಾತ್ಮ ಅನ್ನುವ ತ್ರಯೈಕ ದೇವರನ್ನು. ಯೇಸು ಮನುಷ್ಯನಾಗಿ ಬಂದ, ಶಿಲುಬೆಯಲ್ಲಿ ಸತ್ತ, ಮೂರನೆಯ ದಿನ ಎದ್ದ ಅನ್ನುವುದನ್ನು. ಭಾನುವಾರ ಹೇಳುವ ವಿಶ್ವಾಸ ಪ್ರಮಾಣ ನಾವು ಹೇಳುವುದೇ.

ಒತ್ತು ಬೀಳುವ ಜಾಗಗಳು ಮೂರು. ಒಂದು, ಎಲ್ಲದರ ಮೇಲೆ ದೇವರ ಒಡೆತನ. ಮನೆ, ಅಂಗಡಿ, ಗದ್ದೆ, ರಾಜಕೀಯ, ಯಾವುದೂ ಅವನ ಕೈ ಹೊರಗಿಲ್ಲ. ಎರಡು, ರಕ್ಷಣೆ ಪುಕ್ಕಟೆ ಕೃಪೆ, ನಮ್ಮ ಪುಣ್ಯದ ಕೂಲಿ ಅಲ್ಲ. ಮೂರು, ಸತ್ಯವೇದದ ಮಾತೇ ಕೊನೆಯ ಅಳತೆಗೋಲು. ಪಾದ್ರಿಯಾಗಲಿ ಪರಿಷತ್ತಾಗಲಿ ತಪ್ಪಬಹುದು ಅಂತ ಇವರು ತಮ್ಮ ದಾಖಲೆಯಲ್ಲೇ ಬರೆದಿಟ್ಟಿದ್ದಾರೆ. ಇದು ನನಗೆ ಬಹಳ ಹಿಡಿಸಿದ ಮಾತು. ತಪ್ಪು ಮಾಡಬಲ್ಲೆವು ಅಂತ ಬರೆದುಕೊಟ್ಟು ಅಧಿಕಾರಕ್ಕೆ ಕೂರುವವರು ಎಷ್ಟು ಮಂದಿ ಸಿಗುತ್ತಾರೆ, ಹೇಳಿ?

ಆ ದಾಖಲೆ ಅಂದರೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ 1640ರ ದಶಕದಲ್ಲಿ ಪಂಡಿತರು ವರ್ಷಗಟ್ಟಲೆ ಕೂತು ಬರೆದ ವಿಶ್ವಾಸ ಪ್ರಮಾಣ. ಅದರ ಜೊತೆಗೇ ಮಕ್ಕಳಿಗೆಂದು ಒಂದು ಚಿಕ್ಕ ಪ್ರಶ್ನೋತ್ತರವನ್ನೂ ಬರೆದರು. ಅದರಲ್ಲಿ 107 ಪ್ರಶ್ನೆ. ನಮ್ಮಲ್ಲಿ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ ಸ್ಕಾಟ್ಲೆಂಡಿನ ಮಕ್ಕಳಿಗೆ ಇದನ್ನು ತಲೆತಲಾಂತರ ಬಾಯಿಪಾಠ ಮಾಡಿಸಿದರು. ಮೊದಲ ಪ್ರಶ್ನೆ, ಮನುಷ್ಯ ಇರುವುದು ಯಾತಕ್ಕೆ ಅಂತ. ಉತ್ತರ, ದೇವರನ್ನು ಮಹಿಮೆಪಡಿಸುವುದಕ್ಕೆ ಮತ್ತು ಎಂದೆಂದಿಗೂ ಅವನಲ್ಲಿ ಆನಂದಪಡುವುದಕ್ಕೆ. ಗಂಟುಮುಖದವರು ಅಂತ ಹೆಸರು ಪಡೆದ ಜನ ಮೊದಲ ಸಾಲಿನಲ್ಲೇ ಆನಂದದ ಮಾತೆತ್ತಿದ್ದಾರೆ, ನೋಡಿ.

ಎಲ್ಲ ಮೊದಲೇ ಬರೆದಿದೆ ಅಂತಾರಂತೆ. ಅಂದರೆ ಹಣೆಬರಹ ಅಂತಲೇ ಅಲ್ವಾ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಉತ್ತರ ಕಷ್ಟದ್ದೂ ಇದೇ.

ಕ್ಯಾಲ್ವಿನ್ ಹೇಳಿದ್ದು ಇಷ್ಟು. ರಕ್ಷಣೆಗೆ ಆರಿಸುವವನು ದೇವರು. ಇವನು ಒಳ್ಳೆಯವನು, ಇವಳು ಬುದ್ಧಿವಂತೆ ಅಂತ ನೋಡಿ ಆರಿಸುವುದಲ್ಲ, ತನ್ನ ಪ್ರೀತಿಯಿಂದ ಆರಿಸುತ್ತಾನೆ. ಇದಕ್ಕೆ ಕನ್ನಡದಲ್ಲಿ ಪೂರ್ವನಿರ್ಣಯ ಅನ್ನುತ್ತಾರೆ. 1618-19ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾರ್ಟ್ ಅನ್ನುವ ಊರಿನಲ್ಲಿ ದೊಡ್ಡ ಸಿನಡ್, ಅಂದರೆ ಸಭೆಗಳ ಪರಿಷತ್ತು, ಕೂತು ಇದನ್ನು ಇನ್ನೂ ಬಿಗಿ ಮಾಡಿತು.

ನಮ್ಮ ಕಡೆ ಹಣೆಬರಹ ಅಂದಾಗ ಏನು ಹೇಳುತ್ತೇವೆ? ಬೆಳೆ ಹೋಯಿತು, ಹಣೆಬರಹ. ಮಗಳಿಗೆ ಸಂಬಂಧ ಕೂಡಿ ಬರಲಿಲ್ಲ, ಹಣೆಬರಹ. ನಡೆದದ್ದಕ್ಕೆ ಸಮಾಧಾನ ಹೇಳಿಕೊಳ್ಳುವ ಮಾತು ಅದು. ಬರೆದವನಿಗೂ ನಮಗೂ ಮಾತುಕತೆ ಇರುವುದಿಲ್ಲ. ಪೂರ್ವನಿರ್ಣಯದಲ್ಲಿ ಪ್ರಶ್ನೆಯೇ ಬೇರೆ. ನಾನು ನಂಬಿದ್ದರ ಹೆಚ್ಚುಗಾರಿಕೆ ಯಾರಿಗೆ ಸೇರಬೇಕು ಅನ್ನುವುದು ಅಲ್ಲಿಯ ಪ್ರಶ್ನೆ. ನನಗಲ್ಲ, ಅವನಿಗೆ ಅನ್ನುವುದು ಉತ್ತರ. ನಮ್ಮ ಅಜ್ಜಿ ಕ್ಯಾಲ್ವಿನ್ ಹೆಸರು ಕೇಳಿದವಳಲ್ಲ. ಆದರೂ ದಸರಾ ಜಂಬೂ ಸವಾರಿ ನೋಡಲು ಸಯ್ಯಾಜಿರಾವ್ ರಸ್ತೆಗೆ ನನ್ನನ್ನು ಕರೆದುಕೊಂಡು ಹೋದಾಗ ಕೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದಳು. "ನೀನು ಹಿಡಕೊಂಡ್ರೆ ಬಿಟ್ಬಿಡ್ತೀಯ, ನಾನು ಹಿಡಕೋತೀನಿ" ಅನ್ನುತ್ತಿದ್ದಳು. ಪೂರ್ವನಿರ್ಣಯದ ಒಳ್ಳೆಯ ಮುಖ ಅದು.

ಕೆಟ್ಟ ಮುಖವೂ ಇದೆ. ಕೆಲವರನ್ನು ಆರಿಸಿದ ಅಂದರೆ ಉಳಿದವರ ಗತಿ? ಇದಕ್ಕೆ ಬಿಗಿಯಾದ ಉತ್ತರ ಕೊಟ್ಟವರ ಬಾಯಲ್ಲಿ ದೇವರು ಕಟುಕನ ಹಾಗೆ ಕಂಡಿದ್ದಾನೆ. ಪ್ರೆಸ್ಬಿಟೇರಿಯನ್ನರಲ್ಲೇ ಬಹಳ ಜನಕ್ಕೆ ಇದು ಗಂಟಲಲ್ಲಿ ಇಳಿಯಲಿಲ್ಲ. 1903ರಲ್ಲಿ ಅಮೆರಿಕದ ದೊಡ್ಡ ಪ್ರೆಸ್ಬಿಟೇರಿಯನ್ ಸಭೆ ತನ್ನ ವಿಶ್ವಾಸ ಪ್ರಮಾಣಕ್ಕೆ ವಿವರಣೆ ಸೇರಿಸಿತು. ದೇವರ ಪ್ರೀತಿ ಎಲ್ಲ ಮನುಷ್ಯರಿಗೂ ಇದೆ, ಎಳೆಯದರಲ್ಲೇ ಸತ್ತ ಮಕ್ಕಳೆಲ್ಲ ರಕ್ಷಣೆ ಹೊಂದುತ್ತಾರೆ ಅಂತ ಅದರಲ್ಲಿ ಬರೆದರು. ಇವತ್ತು ಪ್ರೆಸ್ಬಿಟೇರಿಯನ್ ಪ್ರಸಂಗ (ಪಾದ್ರಿಯ ಬೋಧನೆ) ಕೇಳಲು ಹೋದರೆ ಪೂರ್ವನಿರ್ಣಯದ ಸುದ್ದಿ ಅಪರೂಪ. ನಮ್ಮ ಮಹಡಿ ಮನೆಯವರನ್ನೂ ಕೇಳಿದೆ. "ಅದು ಥಿಯಾಲಜಿ ಕಾಲೇಜಿನವರ ತಲೆನೋವು" ಅಂದುಬಿಟ್ಟರು.

ರಕ್ಷಣೆ ಪುಕ್ಕಟೆ ಅಂದರೆ ಒಳ್ಳೆ ಕೆಲಸ ಮಾಡುವುದು ಯಾಕೆ?

ಕೃತಜ್ಞತೆಗೆ. 1563ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಬರೆದ ಇನ್ನೊಂದು ಪ್ರಶ್ನೋತ್ತರ ಇದೆ, ಇದೇ ಬಳಗದ್ದು. ಅದಕ್ಕೆ ಮೂರು ಭಾಗ: ಮನುಷ್ಯನ ಸಂಕಟ, ಅದರಿಂದ ಬಿಡುಗಡೆ, ಆಮೇಲೆ ಕೃತಜ್ಞತೆ. ಹತ್ತು ಆಜ್ಞೆಗಳ ಪಾಠ ಬರುವುದು ಮೂರನೆಯ ಭಾಗದಲ್ಲಿ. ಬಿಡುಗಡೆ ಸಿಕ್ಕ ಮೇಲೆ ಬದುಕುವ ರೀತಿ ಅದು.

ದುಡಿಮೆಯ ಬಗ್ಗೆಯೂ ಹಾಗೇ. ಪಾದ್ರಿಯ ಕೆಲಸ ಪವಿತ್ರ, ಚಮ್ಮಾರನ ಕೆಲಸ ಸಾಮಾನ್ಯ ಅನ್ನುವುದನ್ನು ಇವರು ಒಪ್ಪುವುದಿಲ್ಲ. ಎಲ್ಲ ಕೆಲಸವೂ ಕರೆಯೇ. ಕಾಯಕ ಅನ್ನುವ ಪದ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಬಾಡಿಗೆ ಲೆಕ್ಕಕ್ಕೆ ಮಹಡಿಗೆ ಹೋಗಿದ್ದೆ. ಆಕೆ ಅಡುಗೆಮನೆಯಲ್ಲಿ ಅಕ್ಕಿ ಅಳೆಯುತ್ತಿದ್ದರು. ಮೂರು ಲೋಟ ಅಕ್ಕಿ ಪಾತ್ರೆಗೆ ಹಾಕಿದರು. ಆಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಪಕ್ಕದ ಹಳೆಯ ಹಾರ್ಲಿಕ್ಸ್ ಡಬ್ಬಕ್ಕೆ ಸುರಿದರು. ಯಾಕೆ ಅಂದೆ. 'ಬುಹ್‌ಫಾಯ್ ಥಾಮ್' ಅಂದರು, ಹಿಡಿ ಅಕ್ಕಿ. ಮಿಜೋರಾಮಿನಲ್ಲಿ ಅನ್ನ ಮಾಡುವಾಗೆಲ್ಲ ಮನೆಮನೆಯಲ್ಲೂ ಒಂದು ಹಿಡಿ ಎತ್ತಿಡುತ್ತಾರೆ. ಸಭೆಯ ಹೆಂಗಸರು ಅದನ್ನು ಕೂಡಿಸಿ, ಮಾರಿ, ದುಡ್ಡನ್ನು ಸಭೆಗೆ ಕೊಡುತ್ತಾರೆ. ನೂರು ವರ್ಷಕ್ಕೂ ಹಿಂದಿನ ಪದ್ಧತಿ, ಅದರಿಂದ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ಮೈಸೂರಿನಲ್ಲಿ ಆ ಅಕ್ಕಿ ಕೂಡಿಸಿಕೊಳ್ಳಲು ಯಾರೂ ಬರುವುದಿಲ್ಲ. ಆದರೂ ಕೈ ತಾನಾಗೇ ಹೋಗುತ್ತದಂತೆ. ತಿಂಗಳ ಕೊನೆಗೆ ಡಬ್ಬದ ಅಕ್ಕಿ ತೂಗಿ ಅದರ ಬೆಲೆಯನ್ನು ಫೋನ್‌ಪೇ ಮಾಡುತ್ತಾರೆ. ಪುಣ್ಯಕ್ಕಾ ಅಂದೆ. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಊಟ ಇದೆಯಲ್ಲ, ಅದಕ್ಕೆ" ಅಂದರು.

ಬಿಷಪ್ ಇಲ್ಲದೆ ಚರ್ಚ್ ಹೇಗೆ ನಡೆಯುತ್ತದೆ?

ನಮ್ಮ ಹಳ್ಳಿಗಳ ಯಜಮಾನರನ್ನು ನೆನಪು ಮಾಡಿಕೊಳ್ಳಿ. ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವರು. ಸಭೆಯ ಹಿರಿಯರೂ ಸುಮಾರು ಹಾಗೇ, ಒಂದು ವ್ಯತ್ಯಾಸದೊಂದಿಗೆ. ಯಜಮಾನಿಕೆ ಸಾಮಾನ್ಯವಾಗಿ ಮನೆತನದಲ್ಲಿ ಬರುತ್ತದೆ. ಹಿರಿಯರನ್ನು ಸಭೆಯ ಜನ ಆರಿಸಬೇಕು, ಆಮೇಲೆ ಪ್ರಾರ್ಥನೆ ಮಾಡಿ ಅಭಿಷೇಕಿಸುತ್ತಾರೆ. ಮಿಜೋ ಭಾಷೆಯಲ್ಲಿ ಹಿರಿಯನಿಗೆ 'ಉಪ' ಅನ್ನುತ್ತಾರೆ. ಹೆಸರಿನ ಮುಂದೆ ಡಾಕ್ಟರ್, ಪ್ರೊಫೆಸರ್ ಹಾಕಿಕೊಳ್ಳುವಂತೆ ಉಪ ಅಂತಲೂ ಹಾಕಿಕೊಳ್ಳುತ್ತಾರೆ. ಮಹಡಿ ಮನೆಯಾಕೆಯ ತಂದೆ ಉಪ. ಅದನ್ನು ಹೇಳುವಾಗ ಆಕೆಯ ಮುಖ ನೋಡಬೇಕು.

ಸಭಾಪಾಲಕರೂ ಹಿರಿಯರಲ್ಲಿ ಒಬ್ಬರೇ. ಅವರು ಬೋಧಿಸುವ ಹಿರಿಯರು, ಮಿಕ್ಕವರು ಆಡಳಿತ ನೋಡುವ ಹಿರಿಯರು. ಇಬ್ಬರೂ ಸೇರಿ ಕೂರುವ ಊರ ಮಟ್ಟದ ಮಂಡಲಿಗೆ ಸೆಷನ್ ಅಂತ ಹೆಸರು. ಸುತ್ತಲ ಸಭೆಗಳ ಪಾಲಕರೂ ಹಿರಿಯರೂ ಸೇರಿದರೆ ಪ್ರೆಸ್ಬಿಟರಿ. ಅದರ ಮೇಲೆ ಸಿನಡ್, ಎಲ್ಲಕ್ಕಿಂತ ಮೇಲೆ ಜನರಲ್ ಅಸೆಂಬ್ಲಿ. ಗ್ರಾಮ ಪಂಚಾಯಿತಿ, ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಅಂದುಕೊಂಡರೆ ಲೆಕ್ಕ ಸಿಕ್ಕುತ್ತದೆ. ಸ್ಕಾಟ್ಲೆಂಡಿನಲ್ಲಿ ಪ್ರತಿ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಅಸೆಂಬ್ಲಿ ಕೂಡುತ್ತದೆ. ಅಧ್ಯಕ್ಷತೆ ವಹಿಸುವವರು ಮಾಡರೇಟರ್. ಅವರ ಅವಧಿ ಒಂದೇ ವರ್ಷ. ಕುರ್ಚಿಗೆ ಅಂಟಿಕೊಳ್ಳುವಷ್ಟು ಪುರುಸೊತ್ತೇ ಇರುವುದಿಲ್ಲ.

ಇದು ಬಹಳ ಚೆಂದ ಅಂತ ಮಾತ್ರ ಹೇಳಲಾರೆ. ಕಮಿಟಿಯಲ್ಲಿ ಕೂತವನಿಗೆ ಗೊತ್ತು. ನಮ್ಮ ಪಾಸ್ಟರೇಟ್ ಕಮಿಟಿಯಲ್ಲಿ ಒಮ್ಮೆ ಮೈಕ್ ಸೆಟ್ ರಿಪೇರಿ ಮಾಡಿಸುವುದಾ, ಹೊಸದು ತರುವುದಾ ಅಂತ ಎರಡೂವರೆ ಗಂಟೆ ಮಾತಾಡಿದೆವು. ಅಯ್ಯನವರಿಗೆ, ಅಂದರೆ ನಮ್ಮ ಸಭಾಪಾಲಕರಿಗೆ, ಹೊಸದು ಬೇಕಿತ್ತು. ಒಬ್ಬರು ಹಿರಿಯರು ಹಳೆಯ ಬಿಲ್ಲುಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು, ಒಂದೊಂದನ್ನೇ ಮೇಜಿನ ಮೇಲೆ ಹರಡಿ ಓದಿದರು. ಟೀ ಎರಡು ಸಲ ಬಂತು. ಕೊನೆಗೆ ಕೈ ಎತ್ತಿಸಿದೆವು, ಅಯ್ಯನವರ ಮಾತು ಎರಡು ಮತದಿಂದ ಸೋತಿತು. ಅವರೇ ಎದ್ದು ನಿಂತು ಪ್ರಾರ್ಥನೆ ಮಾಡಿ ಸಭೆ ಮುಗಿಸಿದರು. ಮುಂದಿನ ಭಾನುವಾರ ಪ್ರಸಂಗದ ನಡುವೆ ಮೈಕು ಕೀಚ್ ಅಂದಾಗ ಅವರು ಆ ಬಿಲ್ಲಿನ ಹಿರಿಯರ ಕಡೆ ತಿರುಗಿ ಒಂದು ಸಣ್ಣ ನಗೆ ನಕ್ಕರು. ಸಿಎಸ್‌ಐ ಕಮಿಟಿಯ ಕಥೆ ಇದು. ಆದರೆ ಈ ಕಮಿಟಿ ನಮಗೆ ಬಂದದ್ದರಲ್ಲಿ ಪ್ರೆಸ್ಬಿಟೇರಿಯನ್ನರ ಪಾಲೂ ಇದೆ. ಅದು ಮುಂದೆ ಬರುತ್ತದೆ.

ಭಾನುವಾರದ ಆರಾಧನೆ ಹೇಗಿರುತ್ತದೆ?

ಸರಳ. ಹಾಡು, ಪಾಪದ ಅರಿಕೆ, ವಾಕ್ಯ ಓದುವುದು, ಪ್ರಸಂಗ, ಪ್ರಾರ್ಥನೆ, ಕಾಣಿಕೆ, ಆಶೀರ್ವಾದ. ನಡುಮಧ್ಯೆ ಇರುವುದು ಪ್ರಸಂಗ. ಹಳೆಯ ಪ್ರೆಸ್ಬಿಟೇರಿಯನ್ ಚರ್ಚುಗಳಲ್ಲಿ ಪ್ರಸಂಗದ ಪೀಠವೂ ನಡುವೆಯೇ, ಎತ್ತರದಲ್ಲಿ. ಎಷ್ಟೋ ಕಾಲ ಸ್ಕಾಟ್ಲೆಂಡಿನಲ್ಲಿ ಸತ್ಯವೇದದ ಕೀರ್ತನೆಗಳನ್ನು ಬಿಟ್ಟು ಬೇರೆ ಹಾಡುತ್ತಿರಲಿಲ್ಲ, ವಾದ್ಯವೂ ಇಲ್ಲ. ಒಬ್ಬ ಮುಂದೆ ನಿಂತು ಒಂದು ಸಾಲು ಎತ್ತಿಕೊಡುವುದು, ಜನ ಹಿಂದೆ ಹಾಡುವುದು, ನಮ್ಮ ಭಜನೆ ಮೇಳದ ಹಾಗೆ. ಮಿಜೋರಾಮಿನಲ್ಲಿ ಕಥೆ ತಿರುಗಿತು. ಮಿಷನರಿಗಳಿಗೆ ಅಷ್ಟು ಸರಿಬೀಳದ ಊರ ಡೋಲು, ಅದಕ್ಕೆ ಖುವಾಂಗ್ ಅನ್ನುತ್ತಾರೆ, ಆಮೇಲೆ ಚರ್ಚಿನೊಳಗೇ ಬಂದು ಕೂತಿತು. ಈಗ ಅದಿಲ್ಲದೆ ಹಾಡೇ ಇಲ್ಲ.

ಮೂರ್ತಿ, ಸಂತರ ಚಿತ್ರ ಯಾಕೆ ಇರುವುದಿಲ್ಲ?

ಹತ್ತು ಆಜ್ಞೆಗಳಲ್ಲಿ ವಿಗ್ರಹದ ಮಾತನ್ನು ಇವರು ಚಾಚೂ ತಪ್ಪದೆ ಪಾಲಿಸಿದರು. ಫಿಲೋಮಿನಾ ಚರ್ಚಿಗೆ ಹೋದರೆ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾಳ ಪ್ರತಿಮೆ ಮಲಗಿದೆ, ಬಣ್ಣದ ಗಾಜಿನಲ್ಲಿ ಯೇಸುವಿನ ಬದುಕಿದೆ, ಮೇಣದ ಬತ್ತಿ ಉರಿಯುತ್ತಿರುತ್ತದೆ. ಪ್ರೆಸ್ಬಿಟೇರಿಯನ್ ಚರ್ಚು ಬರಿಗೋಡೆ. ಶಿಲುಬೆ ಇದ್ದರೂ ಖಾಲಿ ಶಿಲುಬೆ. ಎರಡಕ್ಕೂ ಅದರದರ ಸೊಗಸಿದೆ. ನನಗೆ ಬಣ್ಣದ ಗಾಜು ಇಷ್ಟ, ಸುಳ್ಳು ಯಾಕೆ ಹೇಳಲಿ?

ಸ್ಕಾಟ್ಲೆಂಡಿನ ಸಭೆಯ ಗುರುತು ಉರಿಯುವ ಪೊದೆ. ಮೋಶೆ ಕಂಡನಲ್ಲ, ಬೆಂಕಿ ಹತ್ತಿದ್ದರೂ ಸುಟ್ಟುಹೋಗದ ಪೊದೆ, ಅದೇ.

ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುತ್ತಾರಾ?

ಹೌದು, ತಲೆಗೆ ನೀರು ಹಾಕಿ. ಮಗುವಿಗೆ ಏನೂ ಗೊತ್ತಾಗದ ವಯಸ್ಸಿನಲ್ಲೇ ದೇವರು ಅದನ್ನು ತನ್ನದು ಅನ್ನುತ್ತಾನೆ ಅನ್ನುವುದಕ್ಕೆ ಗುರುತು. ದೊಡ್ಡದಾದ ಮೇಲೆ ಸಭೆಯ ಮುಂದೆ ತನ್ನ ಬಾಯಿಂದಲೇ ವಿಶ್ವಾಸ ಹೇಳಬೇಕು.

ಕರ್ತನ ಭೋಜನದಲ್ಲಿ ರೊಟ್ಟಿ ಯೇಸುವಿನ ದೇಹವೇ ಆಗುತ್ತದೆ ಅಂತಾರಾ?

ಇಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚುವ ಈ ಸಂಸ್ಕಾರದಲ್ಲಿ ರೊಟ್ಟಿ ರೊಟ್ಟಿಯಾಗೇ ಇರುತ್ತದೆ. ಹಾಗಂತ ಬರೀ ನೆನಪಿನ ಊಟವೂ ಅಲ್ಲ ಅಂದ ಕ್ಯಾಲ್ವಿನ್. ತಿನ್ನುವಾಗ ಪವಿತ್ರಾತ್ಮನ ಮೂಲಕ ಕ್ರಿಸ್ತ ನಿಜವಾಗಿ ಸಿಗುತ್ತಾನೆ ಅನ್ನುವುದು ಅವನ ಮಾತು.

ಮಾಡುವ ರೀತಿ ಕುತೂಹಲದ್ದು. ನಾವು ಎದ್ದು ಹೋಗಿ ಮೊಣಕಾಲೂರಿ ತೆಗೆದುಕೊಳ್ಳುತ್ತೇವೆ. ಅವರು ಕೂತಲ್ಲೇ ಕೂತಿರುತ್ತಾರೆ. ಹಿರಿಯರು ತಟ್ಟೆ ತರುತ್ತಾರೆ, ಪಕ್ಕದವರು ಪಕ್ಕದವರಿಗೆ ದಾಟಿಸುತ್ತಾರೆ. ಪಂಕ್ತಿ ಊಟದಲ್ಲಿ ಕೂತ ಹಾಗೆ. ಹಿಂದೆ ಸ್ಕಾಟ್ಲೆಂಡಿನಲ್ಲಿ ಭೋಜನಕ್ಕೆ ಮುಂಚೆ ಹಿರಿಯರು ಮನೆಮನೆಗೆ ಹೋಗಿ, ನಡತೆ ವಿಚಾರಿಸಿ, ಸರಿ ಇದ್ದವರಿಗೆ ಸೀಸದ ಒಂದು ಚಿಕ್ಕ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಇದ್ದವರಿಗೆ ಮಾತ್ರ ಜಾಗ. ನೆರೆಮನೆಯವನ ಜೊತೆ ಜಗಳ ಇದ್ದರೆ ಮೊದಲು ರಾಜಿ ಆಗಬೇಕಿತ್ತು. ಈಗ ಆ ಬಿಲ್ಲೆಗಳು ಮ್ಯೂಸಿಯಮ್ಮಿನಲ್ಲಿವೆ.

ಕ್ರಿಸ್‌ಮಸ್ ಮಾಡ್ತಾರಾ?

ಈಗ ಜೋರಾಗೇ ಮಾಡುತ್ತಾರೆ. ಹಿಂದೆ ಮಾಡುತ್ತಿರಲಿಲ್ಲ. ಸತ್ಯವೇದದಲ್ಲಿ ಹೇಳದ ಹಬ್ಬ ಯಾಕೆ ಅಂತ. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ! ಅಲ್ಲಿಯ ತನಕ ಎಷ್ಟೋ ಜನ ಡಿಸೆಂಬರ್ 25ರಂದು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಬಾಗಿಲಿಗೆ ನಕ್ಷತ್ರ ಕಟ್ಟಿ, ಕಲ್‌ಕಲ್ ಕರಿದು, ಬೀದಿಗೆಲ್ಲ ಹಂಚುವ ನಮ್ಮವರಿಗೆ ಇದನ್ನು ನಂಬುವುದೇ ಕಷ್ಟ.

ಮೈಸೂರು, ಮಂಡ್ಯದಲ್ಲಿ ಪ್ರೆಸ್ಬಿಟೇರಿಯನ್ ಚರ್ಚ್ ಯಾಕೆ ಕಾಣುವುದಿಲ್ಲ?

ಹಳೆಯ ಮಿಷನ್ನುಗಳು ಜಾಗ ಹಂಚಿಕೊಂಡ ಹಾಗೆ ಕೆಲಸ ಮಾಡಿದವು. ಮೈಸೂರು ಸೀಮೆ ವೆಸ್ಲಿಯನ್ ಮೆಥಡಿಸ್ಟರು ಅನ್ನುವ ಇನ್ನೊಂದು ಪ್ರಾಟೆಸ್ಟೆಂಟ್ ಬಳಗದ ಪಾಲಿಗೆ ಬಂತು. ಹಾರ್ಡ್‌ವಿಕ್ ಶಾಲೆ, ವೆಸ್ಲಿ ಚರ್ಚು, 1906ರಲ್ಲಿ ಶುರುವಾಗಿ ಎಲ್ಲರ ಬಾಯಲ್ಲೂ ಮಿಷನ್ ಆಸ್ಪತ್ರೆಯೇ ಆಗಿಹೋದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಎಲ್ಲ ಅವರದು. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಷನ್. ಅದರಲ್ಲಿ ಲೂಥರನ್ನರೂ ಕ್ಯಾಲ್ವಿನ್ ಬಳಗದವರೂ ಬೆರೆತಿದ್ದರು. ಸ್ಕಾಟ್ಲೆಂಡಿನವರಿಗೆಂದು ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರೂಸ್ ಚರ್ಚು ಎದ್ದಿತು, 1860ರ ದಶಕದಲ್ಲಿ. ಕೆಂಪು ಬಣ್ಣ, ಎತ್ತರದ ಗಡಿಯಾರ ಗೋಪುರ. ಈಗ ಅದೂ ಸಿಎಸ್‌ಐ.

ನಮ್ಮ ಜಿಲ್ಲೆಯಲ್ಲಿ ಈ ಬಳಗದ ಹಳೆಯ ಸುಳಿವು ಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗಿ. ಕಾವೇರಿ ದಡದ ಹತ್ತಿರ ಗ್ಯಾರಿಸನ್ ಸ್ಮಶಾನ ಇದೆ. ಅಲ್ಲಿ ಡಿ ಮ್ಯೂರೋನ್ ರೆಜಿಮೆಂಟಿನವರ ಗೋರಿಗಳಿವೆ. 1799ರ ಮುತ್ತಿಗೆಯಲ್ಲಿ ಇಂಗ್ಲಿಷರ ಕಡೆ ಕಾದಾಡಿದ ಸ್ವಿಸ್ ಬಾಡಿಗೆ ಪಡೆ ಅದು. ಕಟ್ಟಿದವನ ಊರು ನ್ಯೂಶಾಟೆಲ್, 1530ರಲ್ಲೇ ಪ್ರಾಟೆಸ್ಟೆಂಟ್ ಸುಧಾರಣೆಗೆ ತಿರುಗಿದ ಪಟ್ಟಣ. ಕ್ಯಾಲ್ವಿನ್ನನನ್ನು ಜಿನೀವಾದಲ್ಲಿ ಹಿಡಿದು ನಿಲ್ಲಿಸಿದ ಗಿಯೋಮ್ ಫಾರೆಲ್‌ನೇ ಅಲ್ಲಿಯೂ ಬೋಧಿಸಿದ್ದ. ಅದೇ ಮುತ್ತಿಗೆಯಲ್ಲಿ ಸ್ಕಾಟ್ಲೆಂಡಿನ ಪಡೆಗಳೂ ಇದ್ದವು, ಕೋಟೆಗೆ ನುಗ್ಗಿದವರ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನೇ. ಇವರು ಸುವಾರ್ತೆ ಹೇಳಲು ಬಂದವರಲ್ಲ, ಊರು ಸುಲಿಯಲು ಬಂದವರು. ಅದನ್ನೂ ಹೇಳಬೇಕು. ಕಬ್ಬಿನ ಗಾಡಿಗಳ ರಸ್ತೆಯಿಂದ ಸ್ವಲ್ಪ ಒಳಗೆ, ನದಿ ಸದ್ದು ಕೇಳುವಷ್ಟು ಹತ್ತಿರದಲ್ಲಿ ಆ ಬಾಡಿಗೆ ಪಡೆಯವರು ಮಲಗಿದ್ದಾರೆ.

ಇನ್ನು ಸಿಎಸ್‌ಐ ಕಥೆ. 1908ರಲ್ಲೇ ದಕ್ಷಿಣದ ಪ್ರೆಸ್ಬಿಟೇರಿಯನ್ನರು ಕಾಂಗ್ರಿಗೇಶನಲಿಸ್ಟರ (ಪ್ರತಿ ಸಭೆಯೂ ಸ್ವತಂತ್ರ ಅನ್ನುವವರ) ಜೊತೆ ಸೇರಿ ಒಂದು ಸಭೆಯಾಗಿದ್ದರು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೂಡಿದ ಪಾದ್ರಿಗಳು, ಅದರಲ್ಲಿ ಹೆಚ್ಚಿನವರು ಭಾರತೀಯರು, ನಮ್ಮ ಜಗಳವಲ್ಲದ ಜಗಳವನ್ನು ನಾವು ಯಾಕೆ ಹೊತ್ತುಕೊಂಡು ತಿರುಗಬೇಕು ಅಂದರು. ಆಂಗ್ಲಿಕನ್ನರಿಗೆ, ಅಂದರೆ ಇಂಗ್ಲೆಂಡಿನ ಸಭೆಯ ಬಳಗಕ್ಕೆ, ಬಿಷಪ್ ಬೇಕೇ ಬೇಕು. ಪ್ರೆಸ್ಬಿಟೇರಿಯನ್ನರಿಗೆ ಬಿಷಪ್ ಅಂದರೆ ಮೈ ಉರಿ. 28 ವರ್ಷ ಮಾತುಕತೆ! ಕೊನೆಗೆ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರೇ ವಾರದಲ್ಲಿ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಒಂದಾದರು. ಬಿಷಪ್ ಇರಲಿ, ಆದರೆ ಕೌನ್ಸಿಲ್ಲು ಮತ ಹಾಕಿದ ಹೆಸರುಗಳಿಂದ ಬರಲಿ, ಹಿರಿಯರ ಕಮಿಟಿಯೂ ಇರಲಿ ಅನ್ನುವ ಒಪ್ಪಂದ. ಮೊದಲ ಬಿಷಪ್ಪರಲ್ಲಿ ಒಬ್ಬರು ಲೆಸ್ಲಿ ನ್ಯೂಬಿಗಿನ್, ಸ್ಕಾಟ್ಲೆಂಡಿನ ಸಭೆ ಕಳಿಸಿದ ಪ್ರೆಸ್ಬಿಟೇರಿಯನ್ ಮಿಷನರಿ. ಬಿಷಪ್ಪರೇ ಬೇಡ ಅಂದ ಮನೆತನದಿಂದ ಮಧುರೆಗೆ ಬಿಷಪ್! ಹಾಗಾಗಿ ನಮ್ಮ ಮೈಕ್ ಸೆಟ್ ಜಗಳಕ್ಕೂ ಜಿನೀವಾಕ್ಕೂ ನೆಂಟಸ್ತಿಕೆ ಇದೆ. ಇವತ್ತಿಗೂ ಸಿಎಸ್‌ಐ ಆಂಗ್ಲಿಕನ್ ಒಕ್ಕೂಟದಲ್ಲೂ ಇದೆ, ಕ್ಯಾಲ್ವಿನ್ ಬಳಗದ ಜಾಗತಿಕ ಒಕ್ಕೂಟದಲ್ಲೂ ಇದೆ.

ಈಶಾನ್ಯದವರು ಈ ಕೂಡಿಕೆಗೆ ಬರಲಿಲ್ಲ, ತಮ್ಮ ಹೆಸರಲ್ಲೇ ಉಳಿದರು. ಅವರಿಗೆ ಸುವಾರ್ತೆ ತಂದವರು ವೇಲ್ಸ್‌ನವರು. 1841ರಲ್ಲಿ ಥಾಮಸ್ ಜೋನ್ಸ್ ಚಿರಾಪುಂಜಿಗೆ ಬಂದ, ಖಾಸಿ ಭಾಷೆಗೆ ರೋಮನ್ ಲಿಪಿ ಕೂಡಿಸಿದ. 1897ರಲ್ಲಿ ಡಿ. ಇ. ಜೋನ್ಸ್ ಐಜ್ವಾಲ್‌ಗೆ ಬಂದ.

ಹೆಂಗಸರು ಹಿರಿಯರಾಗಬಹುದಾ?

ಎಲ್ಲಿ ಅನ್ನುವುದರ ಮೇಲೆ ಹೋಗುತ್ತದೆ. ಅಮೆರಿಕದ ದೊಡ್ಡ ಸಭೆಯಲ್ಲಿ 1930ರಿಂದ ಹಿರಿಯರು, 1956ರಿಂದ ಪಾಲಕರು. ಸ್ಕಾಟ್ಲೆಂಡಿನಲ್ಲಿ 1966 ಮತ್ತು 1968. ಬೇರೆ ಕೆಲವು ಪ್ರೆಸ್ಬಿಟೇರಿಯನ್ ಸಭೆಗಳು ಇವತ್ತಿಗೂ ಒಪ್ಪುವುದಿಲ್ಲ. ನಮ್ಮ ಸಿಎಸ್‌ಐಯಲ್ಲಿ 2013ರಲ್ಲಿ ಒಬ್ಬ ಮಹಿಳೆ ಬಿಷಪ್ಪೇ ಆದರು, ನಂದ್ಯಾಲದಲ್ಲಿ. ಹಿಡಿ ಅಕ್ಕಿ ಕೂಡಿಸುವುದು ಹೆಂಗಸರು, ಖರ್ಚು ನಿರ್ಧರಿಸುವುದು ಗಂಡಸರು ಅಂತ ಮಹಡಿ ಮನೆಯಾಕೆ ಒಮ್ಮೆ ಹೇಳಿದರು. ಅವರ ಗಂಡ ಪೇಪರ್ ಓದುತ್ತಾ ಕೇಳಿಸದವರ ಹಾಗೆ ಕೂತಿದ್ದರು.

ಅವರಲ್ಲಿ ಒಡಕು ಜಾಸ್ತಿ ಅಂತಾರೆ, ನಿಜವಾ?

ನಿಜ. ಎಲ್ಲರಿಗೂ ಮಾತಾಡುವ ಹಕ್ಕು ಕೊಟ್ಟರೆ ಎದ್ದು ಹೋಗುವವರೂ ಇರುತ್ತಾರೆ. ದೊಡ್ಡದು 1843ರದು. ಊರಿನ ಪಾಲಕನನ್ನು ಜಮೀನ್ದಾರ ನೇಮಿಸುವುದಾ, ಸಭೆ ಆರಿಸುವುದಾ ಅಂತ ಜಗಳ. ಸ್ಕಾಟ್ಲೆಂಡಿನ ಪಾಲಕರಲ್ಲಿ ಸುಮಾರು ಮೂರನೇ ಒಂದು ಭಾಗ, 470ಕ್ಕೂ ಹೆಚ್ಚು ಜನ, ಸಂಬಳ, ಮನೆ, ಚರ್ಚು ಎಲ್ಲ ಬಿಟ್ಟು ಹೊರಗೆ ನಡೆದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು! ಕಲ್ಕತ್ತದಲ್ಲಿದ್ದ ಸ್ಕಾಟ್ಲೆಂಡಿನ ಮಿಷನರಿ ಅಲೆಗ್ಸಾಂಡರ್ ಡಫ್ ಕೂಡ ಹೊರಬಂದವರ ಕಡೆ ಸೇರಿದ. ತಾನೇ ಕಟ್ಟಿದ ಕಾಲೇಜಿನ ಕಟ್ಟಡ ಬಿಟ್ಟುಕೊಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದ. ಈಚೆಗೆ ಸಲಿಂಗ ಮದುವೆ ವಿಷಯಕ್ಕೂ ಪಶ್ಚಿಮದಲ್ಲಿ ಒಡೆದಿದ್ದಾರೆ.

ಮಾಂಸ, ಮದ್ಯ, ಭಾನುವಾರದ ಕಟ್ಟುಪಾಡು ಏನಾದರೂ?

ಊಟಕ್ಕೆ ಯಾವ ಕಟ್ಟೂ ಇಲ್ಲ. ಮಂಡ್ಯದ ಬಾಡೂಟಕ್ಕೆ ಕರೆದರೆ ಸಂತೋಷವಾಗಿ ಬರುತ್ತಾರೆ, ಮುದ್ದೆ ನುಂಗುವುದು ಮಾತ್ರ ಕಲಿಸಬೇಕು. ಮದ್ಯದ ವಿಷಯದಲ್ಲಿ ಮಿಜೋ ಸಭೆ ಬಿಗಿ, ರಾಜ್ಯದಲ್ಲಿ ಪಾನನಿಷೇಧ ಬೇಕು ಅಂತ ಪಟ್ಟು ಹಿಡಿದವರು ಅವರೇ. ಭಾನುವಾರ ಐಜ್ವಾಲ್‌ನಲ್ಲಿ ಅಂಗಡಿ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿನ ಗದ್ದಲ ನೋಡಿ ಮಹಡಿ ಮನೆಯ ಹುಡುಗ ಮೊದಲ ಸಲ ಬಾಯಿ ಬಿಟ್ಟುಕೊಂಡು ನಿಂತಿದ್ದನಂತೆ.

ಕ್ರೈಸ್ತರಲ್ಲದವರು ಆರಾಧನೆ ನೋಡಲು ಹೋಗಬಹುದಾ?

ಧಾರಾಳವಾಗಿ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಎಲ್ಲರೂ ನಿಂತಾಗ ನಿಂತರೆ ಸಾಕು. ಕಾಣಿಕೆ ಚೀಲ ಬಂದರೆ ಸುಮ್ನೆ ಪಕ್ಕಕ್ಕೆ ದಾಟಿಸಿ, ಯಾರೂ ನೋಡುವುದಿಲ್ಲ. ಕರ್ತನ ಭೋಜನದ ತಟ್ಟೆ ಬಂದರೂ ಹಾಗೇ ದಾಟಿಸಿ, ಅದು ದೀಕ್ಷಾಸ್ನಾನ ಆದವರಿಗೆ. ಚಪ್ಪಲಿ ಬಿಡಬೇಕಾ ಅನ್ನುವುದು ಊರಿನ ರೂಢಿ, ಬಾಗಿಲಲ್ಲಿ ನೋಡಿದರೆ ಗೊತ್ತಾಗುತ್ತದೆ.

ಕಾಂಪೌಂಡ್ ಆಚೆಯವರು ಕಳೆದ ಡಿಸೆಂಬರಿನಲ್ಲಿ ಮಿಜೋ ಹುಡುಗ ಹುಡುಗಿಯರು ಬಾಡಿಗೆ ಸಭಾಂಗಣದಲ್ಲಿ ಮಾಡಿದ ಆರಾಧನೆಗೆ ನಮ್ಮ ಜೊತೆ ಬಂದಿದ್ದರು. ಭಾಷೆ ಒಂದು ಅಕ್ಷರ ತಿಳಿಯದಿದ್ದರೂ ಡೋಲಿಗೆ ತಲೆ ಆಡಿಸುತ್ತಾ ಕೂತರು. ಮುಗಿದ ಮೇಲೆ ಹಾಲಿಲ್ಲದ ಕೆಂಪು ಟೀ ಕೊಟ್ಟರು. ಇವರು ಒಂದು ಗುಟುಕು ಕುಡಿದು ನನ್ನ ಕಿವಿಯಲ್ಲಿ, "ಎಲ್ಲ ಚೆನ್ನಾಗಿತ್ತು ಕಣ್ರೀ, ಟೀಗೆ ಹಾಲು ಹಾಕೋದಕ್ಕೂ ಕಮಿಟಿ ಕೂರಬೇಕಾ?" ಅಂದರು.